ಕಣ್ಣು ಸರಿಯಾಗಿದೆ ಅನ್ನುತ್ತಾರೆ, ಆದರೆ ಬಲಗಣ್ಣಿಗೆ ಕೆಂಪು ಬಣ್ಣವೇ ಕಾಣುತ್ತಿಲ್ಲ

ಮುಳ್ಳಿಲ್ಲದ ಗಡಿಯಾರ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಅದೂ ಒಂದು ಕಣ್ಣು ಮುಚ್ಚಿಕೊಂಡು. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಳ್ಳಿ.

ನನಗೆ 31 ವರ್ಷ. ಬಿಪಿ ಇಲ್ಲ, ಶುಗರ್ ಇಲ್ಲ, ಇದುವರೆಗೆ ಕನ್ನಡಕವೂ ಬಂದಿಲ್ಲ. ಒಂಬತ್ತು ದಿನದ ಹಿಂದೆ ಬಲಗಣ್ಣಲ್ಲಿ ನೋವು ಶುರುವಾಯಿತು. ನೇರ ನೋಡುತ್ತಿದ್ದರೆ ಅಷ್ಟಿಲ್ಲ. ಪಕ್ಕಕ್ಕೆ ಹೊರಳಿಸಿದರೆ ಗುಡ್ಡೆಯ ಹಿಂದೆ ದಾರ ಕಟ್ಟಿ ಎಳೆದ ಹಾಗೆ. ಲ್ಯಾಪ್‌ಟಾಪ್ ಜಾಸ್ತಿ ನೋಡಿದ್ದಕ್ಕೆ ಇರಬೇಕು ಅಂದುಕೊಂಡು ಸುಮ್ಮನಾದೆ. ಮೂರನೇ ದಿನ ಬೆಳಗ್ಗೆ ಎಡಗಣ್ಣು ಉಜ್ಜಿಕೊಳ್ಳುತ್ತಾ ಗೋಡೆ ಗಡಿಯಾರ ನೋಡಿದೆ. ಗಡಿಯಾರ ಇದೆ, ಸುತ್ತಲಿನ ಅಂಚು ಇದೆ, ಮುಳ್ಳುಗಳೇ ಇಲ್ಲ. ನಡುವೆ ಬೂದಿ ಬಣ್ಣದ ಹೊಗೆ. ಕೈ ತೆಗೆದರೆ ಎಲ್ಲವೂ ಸರಿ. ಅಂದರೆ ಎಡಗಣ್ಣು ಅಷ್ಟು ದಿನ ಬಲಗಣ್ಣಿನ ಕೆಲಸವನ್ನೂ ಮಾಡಿಕೊಂಡು ಬಂದಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ಇನ್ನೊಂದು ವಿಚಿತ್ರ. ಮೊಬೈಲಿನಲ್ಲಿ ಮೆಸೇಜ್ ಬಂದರೆ ಕೆಂಪು ಚುಕ್ಕೆ ಬರುತ್ತದಲ್ಲ, ಅದು ಎಡಗಣ್ಣಿಗೆ ಕೆಂಪು. ಬಲಗಣ್ಣಿಗೆ ಒಗೆದು ಒಗೆದು ಬಣ್ಣ ಹೋದ ಬಟ್ಟೆ.

ಮೊದಲು ತೋರಿಸಿದ ಡಾಕ್ಟರು ನಂಬರು ನೋಡಿದರು, ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗೂ ನೋಡಿದರು. "ಎಲ್ಲಾ ಕ್ಲೀನ್ ಇದೆ, ಕಣ್ಣು ಒಣಗಿದೆ ಅಷ್ಟೇ" ಅಂತ ಡ್ರಾಪ್ಸ್ ಬರೆದುಕೊಟ್ಟರು. ನಾಲ್ಕು ದಿನ ಹಾಕಿದೆ, ಇನ್ನೂ ಮಸುಕಾಯಿತು. ನಿನ್ನೆ ಬೇರೆ ಕಡೆ ತೋರಿಸಿದೆ. ಅವರು ಒಂದು ಟಾರ್ಚನ್ನು ಆ ಕಣ್ಣಿಗೂ ಈ ಕಣ್ಣಿಗೂ ನಾಲ್ಕು ಸಲ ಆಡಿಸಿ, "ಆಪ್ಟಿಕ್ ನ್ಯೂರೈಟಿಸ್" ಅಂದುಬಿಟ್ಟರು, ಅಂದರೆ ಕಣ್ಣಿನ ನರದ ಉರಿಯೂತವಂತೆ. ಬಲಗಣ್ಣು 6/60, ಅಂದರೆ ಸರಿ ಇರುವ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ ಇದಕ್ಕೆ 6 ಮೀಟರಿನಿಂದಷ್ಟೇ ಕಾಣುತ್ತದೆ. ಎಂಆರ್‌ಐ ಮಾಡಿಸಿ, ರಕ್ತ ಪರೀಕ್ಷೆಗೆ ಕೊಡಿ, ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿಸಿಕೊಳ್ಳಿ ಅಂದಿದ್ದಾರೆ.

ಮೊದಲ ಡಾಕ್ಟರಿಗೆ ಕಾಣದ್ದು ಇವರಿಗೆ ಒಂದು ಟಾರ್ಚಿನಲ್ಲಿ ಹೇಗೆ ಕಂಡಿತು? ಕಣ್ಣಿನ ತೊಂದರೆಗೆ ಮೆದುಳಿನ ಸ್ಕ್ಯಾನ್ ಯಾಕೆ? ಸ್ಟೀರಾಯ್ಡ್ ಅಂದರೆ ಮನೆಯವರೆಲ್ಲ ಹೆದರುತ್ತಿದ್ದಾರೆ, ಮಾತ್ರೆಯಲ್ಲಿ ಮುಗಿಸಬಹುದಾ? ಎಲ್ಲಕ್ಕಿಂತ ಮುಖ್ಯವಾಗಿ, ದೃಷ್ಟಿ ವಾಪಸ್ ಬರುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಿಧಾನಸ್ಥ ಉತ್ತರಿಸಿದ್ದಾರೆ:

ಹೆದರಬೇಡಿ ಮೇಡಂ. ಈಗ ಎಲ್ಲರೂ ಇಡೀ ದಿನ ಸ್ಕ್ರೀನ್ ನೋಡುತ್ತೇವೆ, ಕಣ್ಣು ಸೋತಿರುತ್ತದೆ. ನನಗೂ ಒಮ್ಮೆ ಹೀಗೇ ಮಂಜಾಗಿ ತಾನೇ ಹೋಯಿತು. ಸ್ಟೀರಾಯ್ಡ್ ಒಂದಕ್ಕೆ ಒಗ್ಗಿದರೆ ಬಿಡಿಸುವುದು ಕಷ್ಟ. ಒಂದು ತಿಂಗಳು ಕಣ್ಣಿಗೆ ರೆಸ್ಟ್ ಕೊಡಿ, ಕಣ್ಣಿನ ವ್ಯಾಯಾಮ ಮಾಡಿ, ಆಮೇಲೆ ನೋಡಿ.

ಕೆಂಪು ಮುಚ್ಚಳ ಉತ್ತರಿಸಿದ್ದಾರೆ:

ನಿಧಾನಸ್ಥ ಸರ್, ನಿಮ್ಮ ಮನಸ್ಸು ಒಳ್ಳೆಯದು, ಸಲಹೆ ಮಾತ್ರ ಒಳ್ಳೆಯದಲ್ಲ. ಕಣ್ಣು ಸೋತರೆ ಎರಡೂ ಸೋಲುತ್ತವೆ. ಒಂದೇ ಕಣ್ಣಿಗೆ ಬಣ್ಣ ಹೋಗುವುದು, ಹೊರಳಿಸಿದಾಗ ನೋವು, ನಾಲ್ಕೈದು ದಿನದಲ್ಲಿ 6/60ಕ್ಕೆ ಇಳಿಯುವುದು, ಇದು ಸ್ಕ್ರೀನ್ ಕೆಲಸ ಅಲ್ಲ. ಒಂದು ತಿಂಗಳು ಕಾಯುವ ಮಾತೇ ಬೇಡ.

ನಾನು ಡಾಕ್ಟರಲ್ಲ, ಲೆಕ್ಕ ಬರೆಯುವವನು. ಒಂಬತ್ತು ವರ್ಷದ ಹಿಂದೆ, 34ರಲ್ಲಿ, ನನಗೂ ಇದೇ ಆಯಿತು, ಎಡಗಣ್ಣಿಗೆ. ಗೊತ್ತಾದದ್ದು ಹೇಗೆ ಅಂದರೆ, ಲೆಕ್ಕದ ಹಾಳೆಯಲ್ಲಿ ಮೈನಸ್ ಅಂಕಿಗಳು ಕೆಂಪಗಿರುತ್ತವೆ ಅಲ್ವಾ, ಅವು ಕಂದು ಕಾಣತೊಡಗಿದವು. ಮಾನಿಟರ್ ಕೆಟ್ಟಿದೆ ಅಂತ ಬದಲಾಯಿಸಿಕೊಂಡೆ! ಹೊಸ ಮಾನಿಟರಿನಲ್ಲೂ ಕಂದೇ. ಹನ್ನೊಂದು ದಿನ ಹೀಗೆ ಕಳೆದೆ. ಆಗಿನಿಂದ ಜೇಬಲ್ಲಿ ಒಂದು ಕೆಂಪು ಪೆನ್ನಿನ ಮುಚ್ಚಳ ಇಟ್ಟುಕೊಂಡಿರುತ್ತೇನೆ. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ನೋಡುತ್ತೇನೆ, ಇನ್ನೊಂದು ಮುಚ್ಚಿ ನೋಡುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ಮೊದಲ ಡಾಕ್ಟರಿಗೆ ಯಾಕೆ ಕಾಣಲಿಲ್ಲ ಅಂದಿರಿ. ಕಣ್ಣಿನ ಹಿಂದಿನಿಂದ ಮೆದುಳಿನ ಕಡೆಗೆ ಹೋಗುವ ನರ ಸುಮಾರು ಐದು ಸೆಂಟಿಮೀಟರ್ ಉದ್ದ. ಅದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳು. ಪಾಪೆ ಅಗಲ ಮಾಡಿ ನೋಡಿದರೆ ಕಾಣುವುದು ಆ ನರದ ಮುಂದಿನ ತುದಿ ಮಾತ್ರ, ಡಿಸ್ಕ್ ಅನ್ನುತ್ತಾರೆ. ಉರಿಯೂತ ತುದಿಯಲ್ಲೇ ಇದ್ದರೆ ಡಿಸ್ಕ್ ಊದಿಕೊಂಡು ಕಾಣುತ್ತದೆ. ಹಿಂದೆ ಎಲ್ಲೋ ಇದ್ದರೆ ಡಿಸ್ಕ್ ಆರೋಗ್ಯವಾಗಿಯೇ ಇರುತ್ತದೆ. ಮೂರರಲ್ಲಿ ಎರಡು ಪಾಲು ಜನರಿಗೆ ಆಗುವುದು ಹಿಂದೆಯೇ. ನಲ್ಲಿ ಹೊಳೆಯುತ್ತಿದೆ ಅಂದಮಾತ್ರಕ್ಕೆ ಗೋಡೆಯೊಳಗಿನ ಪೈಪು ಸರಿ ಇದೆ ಅಂತಲ್ಲವಲ್ಲ, ಹಾಗೆ. ಮೊದಲ ಡಾಕ್ಟರು ನೋಡಿದ್ದು ಸುಳ್ಳಲ್ಲ. ಆದರೆ "ಕ್ಲೀನ್ ಇದೆ" ಅಂದಮೇಲೆ "ಹಾಗಾದರೆ ಇವರಿಗೆ ಯಾಕೆ ಕಾಣುತ್ತಿಲ್ಲ" ಅಂತ ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಡ್ರಾಪ್ಸ್ ಹಾಕುವ ಮೊದಲೇ ಟಾರ್ಚ್ ಆಡಿಸಿ ನೋಡಬೇಕಿತ್ತು. ಪಾಪೆ ಅಗಲವಾದ ಮೇಲೆ ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಆ ಟಾರ್ಚಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಕತ್ತಲೆ ಕೋಣೆಯಲ್ಲಿ ದೂರ ನೋಡಲು ಹೇಳುತ್ತಾರೆ. ಒಳ್ಳೆ ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಪಾಪೆ ಕುಗ್ಗುತ್ತವೆ, ಏಕೆಂದರೆ ಮೆದುಳಿಗೆ ಎರಡಕ್ಕೂ ಒಂದೇ ಹಗ್ಗ. ಮೂರು ಸೆಕೆಂಡ್ ಬಿಟ್ಟು ಟಾರ್ಚನ್ನು ಕೆಟ್ಟ ಕಣ್ಣಿಗೆ ತಂದರೆ, ಬೆಳಕು ಎದುರಿಗೇ ಇದ್ದರೂ ಪಾಪೆ ಮೆಲ್ಲಗೆ ಅಗಲವಾಗುತ್ತದೆ. ನರದಿಂದ ಸುದ್ದಿ ಕಡಿಮೆ ಬಂತು, ಮೆದುಳು ಕತ್ತಲಾಯಿತು ಅಂದುಕೊಂಡಿತು. ಇದಕ್ಕೆ ಮಾರ್ಕಸ್ ಗನ್ ಪಾಪೆ ಅಂತ ಹೆಸರು. ನನ್ನ ಡಾಕ್ಟರು ಹೆಂಡತಿಯನ್ನು ಪಕ್ಕಕ್ಕೆ ಕರೆದು ತೋರಿಸಿದರು. ಅವಳು ಕಣ್ಣಾರೆ ನೋಡಿದ ಮೇಲೆಯೇ ನಂಬಿದ್ದು. ಅಲ್ಲಿಯವರೆಗೆ ಕೆಲಸ ತಪ್ಪಿಸಿಕೊಳ್ಳಲು ನೆವ ಅಂತಲೇ ಇದ್ದಳು.

ಮೆದುಳಿನ ಸ್ಕ್ಯಾನ್ ಯಾಕೆ ಅಂದರೆ, ಈ ನರ ಮೆದುಳಿನದೇ ಒಂದು ಚಾಚು. ಎಳೆಗಳ ಮೇಲೆ ಮಯಲಿನ್ ಅನ್ನುವ ಹೊದಿಕೆ ಇರುತ್ತದೆ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಅದನ್ನು ಕೆರೆದು ಹಾಕುವುದೇ ಈ ಕಾಯಿಲೆ. ಅದೇ ಕೆಲಸ ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ಬೇರೆ ಕಡೆಯೂ ನಡೆದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್ ಅನ್ನುತ್ತಾರೆ. ಅಮೆರಿಕದಲ್ಲಿ ಆಪ್ಟಿಕ್ ನ್ಯೂರೈಟಿಸ್ ಟ್ರೀಟ್‌ಮೆಂಟ್ ಟ್ರಯಲ್ ಅಂತ ದೊಡ್ಡ ಅಧ್ಯಯನ ನಡೆಯಿತು. 457 ಮಂದಿ, ಮೊದಲ ಫಲಿತಾಂಶ ಬಂದದ್ದು 1992ರಲ್ಲಿ. ಅವರನ್ನು 15 ವರ್ಷ ಬಿಡದೆ ನೋಡಿದರು. ಮೊದಲ ದಿನದ ಎಂಆರ್‌ಐಯಲ್ಲಿ ಮೆದುಳಲ್ಲಿ ಒಂದೂ ಬಿಳಿ ಚುಕ್ಕೆ ಇಲ್ಲದವರಲ್ಲಿ ನೂರಕ್ಕೆ 25 ಮಂದಿಗೆ ಆ 15 ವರ್ಷದಲ್ಲಿ ಎಂಎಸ್ ಬಂತು. ಒಂದು ಅಥವಾ ಜಾಸ್ತಿ ಚುಕ್ಕೆ ಇದ್ದವರಲ್ಲಿ 72 ಮಂದಿಗೆ. ಅದಕ್ಕೇ ಸ್ಕ್ಯಾನ್. ಮುಂದೇನು ಅಂತ ಹೇಳುವುದಕ್ಕೆ. ಆ 72ರ ಪಕ್ಕ 28 ಕೂಡ ಇದೆ ಅನ್ನುವುದನ್ನು ಮರೆಯಬೇಡಿ. ಮತ್ತೆ, ಆ ಕಾಲದಲ್ಲಿ ಇಲ್ಲದ ಎಂಎಸ್ ಔಷಧಿಗಳು ಈಗ ಇವೆ.

ಸ್ಕ್ಯಾನ್ ಮಾಡಿಸುವಾಗ ಮೆದುಳಿನ ಜೊತೆ ಕಣ್ಣಿನ ಗೂಡಿನ ಭಾಗವೂ ಚೀಟಿಯಲ್ಲಿ ಇದೆಯಾ ನೋಡಿ. ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಿ, ಸುತ್ತಲಿನ ಕೊಬ್ಬಿನ ಬೆಳಕನ್ನು ತಗ್ಗಿಸಿ ತೆಗೆಯಬೇಕು. ಇಲ್ಲದಿದ್ದರೆ ನರ ಕೊಬ್ಬಿನ ಹೊಳಪಲ್ಲಿ ಮುಚ್ಚಿಹೋಗುತ್ತದೆ. ನನ್ನದು ಮೊದಲ ಸಲ ಬರೀ ಮೆದುಳು ಮಾಡಿದರು, ಇನ್ನೊಮ್ಮೆ ಕೊಳವೆಯೊಳಗೆ ಮಲಗಬೇಕಾಯಿತು.

ಇನ್ನು ಸ್ಟೀರಾಯ್ಡ್. ಆ ಅಧ್ಯಯನದಲ್ಲಿ ಮೂರು ಗುಂಪು ಇತ್ತು. ಒಂದಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್, ಆರು ಗಂಟೆಗೊಮ್ಮೆ 250 ಮಿಲಿಗ್ರಾಂ, ಮೂರು ದಿನ, ಆಮೇಲೆ ಹನ್ನೊಂದು ದಿನ ಮಾತ್ರೆ. ಇನ್ನೊಂದಕ್ಕೆ ಮೊದಲಿನಿಂದಲೂ ಬರೀ ಮಾತ್ರೆ, ದೇಹದ ತೂಕದ ಕಿಲೋಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ. ಮೂರನೆಯದಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ. ಡ್ರಿಪ್ ಹಾಕಿಸಿಕೊಂಡವರು ಬೇಗ ಚೇತರಿಸಿಕೊಂಡರು. ಆದರೆ ವರ್ಷ ಕಳೆದ ಮೇಲೆ ನೋಡಿದರೆ ಮೂರೂ ಗುಂಪಿನ ದೃಷ್ಟಿ ಹೆಚ್ಚುಕಡಿಮೆ ಒಂದೇ! ಅಚ್ಚರಿ ಆದದ್ದು ಬರೀ ಮಾತ್ರೆ ತೆಗೆದುಕೊಂಡವರಲ್ಲಿ. ಅವರಿಗೆ ಕಾಯಿಲೆ ಮರುಕಳಿಸಿದ್ದು ಜಾಸ್ತಿ. ಹಾಗಾಗಿ ಕಡಿಮೆ ಪ್ರಮಾಣದ ಮಾತ್ರೆ ಸಾಕು ಅಂತ ನೀವಾಗಿ ಬೇರೆ ದಾರಿ ಹಿಡಿಯಬೇಡಿ. ಡ್ರಿಪ್ಪಿಗೆ ಸಮನಾದ ದೊಡ್ಡ ಪ್ರಮಾಣವನ್ನು, ಅಂದರೆ ದಿನಕ್ಕೆ 1250 ಮಿಲಿಗ್ರಾಂ ಪ್ರೆಡ್ನಿಸೋನ್, ಬಾಯಿಯಿಂದ ಕೊಟ್ಟರೂ ಡ್ರಿಪ್ಪಿನಷ್ಟೇ ಕೆಲಸ ಮಾಡುತ್ತದೆ ಅಂತ ಆಮೇಲೆ ಒಂದು ಚಿಕ್ಕ ಅಧ್ಯಯನ ತೋರಿಸಿದೆ. ಅದು ಬೇರೆ ಮಾತು. ಅದನ್ನು ನಿರ್ಧರಿಸಬೇಕಾದವರು ನಿಮ್ಮ ಡಾಕ್ಟರು.

ಮೂರು ದಿನದ ಡ್ರಿಪ್ ಹೇಗಿರುತ್ತದೆ ಅಂತ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹಾಕಿದ ಹತ್ತು ನಿಮಿಷಕ್ಕೆ ನಾಲಿಗೆಯ ಮೇಲೆ ತುಕ್ಕು ಹಿಡಿದ ಬೀಗದ ಕೈ ಇಟ್ಟ ಹಾಗೆ ಲೋಹದ ರುಚಿ. ಮುಖ ಕೆಂಪಾಗಿ ಬಿಸಿ. ರಾತ್ರಿ ನಿದ್ದೆ ಇಲ್ಲ. ಎರಡನೇ ರಾತ್ರಿ ಮೂರು ಗಂಟೆಗೆ ಎದ್ದು ಕೂತು ಹಳೇ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದೆ. ಶುಗರ್ ಏರಬಹುದು, ನೋಡುತ್ತಿರುತ್ತಾರೆ. ಹೊಟ್ಟೆಗೆ ಒಂದು ಮಾತ್ರೆ ಕೊಡುತ್ತಾರೆ. ನಿಧಾನಸ್ಥರು ಹೇಳುವ ಸ್ಟೀರಾಯ್ಡ್ ಭಯ ವರ್ಷಗಟ್ಟಲೆ ತೆಗೆದುಕೊಳ್ಳುವವರದ್ದು. ಮೂರು ದಿನದ್ದು ಬೇರೆ. ಆದರೆ ಆಮೇಲೆ ಕೊಡುವ ಮಾತ್ರೆಯನ್ನು ಚೆನ್ನಾಗಾಯಿತು ಅಂತ ತಟ್ಟನೆ ನಿಲ್ಲಿಸಬೇಡಿ. ಅವರು ಹೇಳಿದ ಹಾಗೆಯೇ ಇಳಿಸಿ.

ರಕ್ತ ಪರೀಕ್ಷೆಯಲ್ಲಿ ಅಕ್ವಾಪೊರಿನ್-4, ಮಾಗ್ (MOG) ಅಂತ ಎರಡು ಪ್ರತಿಕಾಯಗಳ ಹೆಸರು ಇದೆಯಾ ನೋಡಿ. ಇದ್ದರೆ ನಿಮ್ಮ ಡಾಕ್ಟರು ಮುಂದಾಲೋಚನೆ ಇರುವವರು. ಅಕ್ವಾಪೊರಿನ್ ಪ್ರತಿಕಾಯ ಇದ್ದರೆ ಅದು ಎಂಎಸ್ ಅಲ್ಲ, ನ್ಯೂರೋಮೈಲೈಟಿಸ್ ಆಪ್ಟಿಕಾ ಅನ್ನುವ ಬೇರೆಯೇ ಕಾಯಿಲೆ. ಈ ಪ್ರತಿಕಾಯ ಪತ್ತೆಯಾದದ್ದೇ 2004ರಲ್ಲಿ. ಅದಕ್ಕೂ ಮೊದಲು ಎಷ್ಟೋ ಜನರನ್ನು ಎಂಎಸ್ ಗುಂಪಿಗೇ ಸೇರಿಸಿಬಿಡುತ್ತಿದ್ದರು. ಇದು ಒರಟು ಕಾಯಿಲೆ. ಒಂದೊಂದು ಹೊಡೆತಕ್ಕೂ ದೃಷ್ಟಿ ಬಹಳ ಹೋಗುತ್ತದೆ, ಮತ್ತು ಎಂಎಸ್‌ಗೆ ಕೊಡುವ ಕೆಲವು ಔಷಧಿಗಳಿಂದ ಇದು ಕೆರಳುತ್ತದೆ. ಸ್ಟೀರಾಯ್ಡ್ ಕೊಟ್ಟ ಕೂಡಲೇ ಜಗ್ಗದಿದ್ದರೆ ರಕ್ತದ ಪ್ಲಾಸ್ಮಾ ಬದಲಾಯಿಸುವ ಚಿಕಿತ್ಸೆಗೆ ತಡಮಾಡುವುದಿಲ್ಲ. ಆಮೇಲೂ ಮರುಕಳಿಸದ ಹಾಗೆ ವರ್ಷಗಟ್ಟಲೆ ಔಷಧಿ ಬೇಕು. ಮಾಗ್ ಇನ್ನೊಂದು ಬಗೆ. ಸ್ಟೀರಾಯ್ಡ್‌ಗೆ ಚೆನ್ನಾಗಿ ಬಗ್ಗುತ್ತದೆ, ಬೇಗ ನಿಲ್ಲಿಸಿದರೆ ಎದ್ದು ಕೂರುತ್ತದೆ. ಆದಷ್ಟು ಡ್ರಿಪ್ ಶುರುವಾಗುವ ಮೊದಲೇ ರಕ್ತ ಕೊಟ್ಟುಬಿಡಿ. ಹಾಗಂತ ರಿಪೋರ್ಟ್ ಬರಲಿ ಅಂತ ಡ್ರಿಪ್ ಮುಂದೂಡಬೇಡಿ.

ದೃಷ್ಟಿ ಬರುತ್ತಾ? ಮಾಮೂಲಿ ಬಗೆಯದ್ದಾದರೆ ಬಹಳ ಮಂದಿಗೆ ಬರುತ್ತದೆ. ಎರಡು ಮೂರು ವಾರದಲ್ಲಿ ಏರತೊಡಗುತ್ತದೆ, ವರ್ಷದವರೆಗೂ ಸ್ವಲ್ಪ ಸ್ವಲ್ಪ ಸುಧಾರಿಸುತ್ತದೆ. ಅದೇ ಅಧ್ಯಯನದಲ್ಲಿ ವರ್ಷದ ಕೊನೆಗೆ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಮಂದಿ 6/12 ಅಥವಾ ಅದಕ್ಕಿಂತ ಚೆನ್ನಾಗಿ ಓದುತ್ತಿದ್ದರು. ನನ್ನದು ಈಗ 6/9. ಆದರೆ ಬೋರ್ಡು ಓದುವುದೊಂದೇ ದೃಷ್ಟಿ ಅಲ್ಲ. ಮೋಡ ಮುಸುಕಿದ ದಿನ ಬೂದಿ ಬಣ್ಣದ ಮೆಟ್ಟಿಲಿನ ಅಂಚು ಎಡಗಣ್ಣಿಗೆ ಸಿಗುವುದಿಲ್ಲ. ಬಿಸಿನೀರಲ್ಲಿ ಸ್ನಾನ ಮಾಡಿದರೆ, ಮೆಟ್ಟಿಲು ಹತ್ತಿ ಬೆವೆತರೆ, ಹತ್ತು ಹದಿನೈದು ನಿಮಿಷ ಮಸುಕಾಗುತ್ತದೆ. ಮೊದಲ ಸಲ ಬಾತ್‌ರೂಮಿನಲ್ಲಿ ಹೀಗಾದಾಗ ಮತ್ತೆ ಬಂತು ಅಂತ ಒದ್ದೆ ತಲೆಯಲ್ಲೇ ಆಸ್ಪತ್ರೆಗೆ ಓಡಿದ್ದೆ. ಹೊದಿಕೆ ಹೋದ ಎಳೆಗಳಿಗೆ ಬಿಸಿ ತಡೆಯುವುದಿಲ್ಲ, ತಣ್ಣಗಾದರೆ ಸರಿಹೋಗುತ್ತದೆ, ಊಟ್‌ಹಾಫ್ ಅನ್ನುವವರು 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ ಅಂತ ಹೇಳಿ ಕಳಿಸಿದರು. ನಿಮಗೂ ಹೀಗಾದರೆ ಗಾಬರಿ ಬೇಡ. 24 ಗಂಟೆ ಕಳೆದರೂ ಸರಿಹೋಗದಿದ್ದರೆ ಮಾತ್ರ ಓಡಿ.

ನಾಳೆಯೇ ಹೋಗಿ ಮೇಡಂ.

ಬಟನ್ ಒತ್ತಿ ಉತ್ತರಿಸಿದ್ದಾರೆ:

ನಾನು ಆಪ್ಟೊಮೆಟ್ರಿಸ್ಟ್, ದೃಷ್ಟಿ ಪರೀಕ್ಷೆ ಮಾಡುವುದು ನನ್ನ ಕೆಲಸ. ದಿನವಿಡೀ ವಿಷುವಲ್ ಫೀಲ್ಡ್ ಮೆಷಿನ್ನಿನ ಪಕ್ಕ ಕೂತಿರುತ್ತೇನೆ. ಕೆಂಪು ಮುಚ್ಚಳದವರು ಹೇಳಿದ್ದು ಸರಿಯಾಗಿದೆ. ನನ್ನ ಕಡೆಯಿಂದ ಒಂದೆರಡು ಮಾತು.

ಫೀಲ್ಡ್ ಟೆಸ್ಟ್ ಮಾಡಿಸುತ್ತಾರೆ, ನಡುವೆ ಮತ್ತು ಸುತ್ತ ಎಲ್ಲೆಲ್ಲಿ ಕಾಣುತ್ತದೆ ಅಂತ ಅಳೆಯಲು. ಬಿಳಿ ಬೋಗುಣಿಯಂಥ ಮೆಷಿನ್ನಿಗೆ ಮುಖ ಕೊಟ್ಟು ಕೂರಬೇಕು. ನಡುವಿನ ಬೆಳಕನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿ ಮಿಣುಕಿದರೂ ಬಟನ್ ಒತ್ತಬೇಕು. ಎಲ್ಲರೂ ಇದನ್ನು ಪರೀಕ್ಷೆ ಪಾಸಾಗುವ ಹಾಗೆ ಮಾಡುತ್ತಾರೆ. ಬೆಳಕು ಹುಡುಕಿಕೊಂಡು ಕಣ್ಣು ತಿರುಗಿಸುತ್ತಾರೆ, ಕಾಣದಿದ್ದರೂ ಅಂದಾಜಿಗೆ ಒತ್ತುತ್ತಾರೆ. ಹಾಗೆ ಮಾಡಿದರೆ ಕಪ್ಪು ಇರುವ ಜಾಗದಲ್ಲಿ ಬಿಳಿ ಬಂದು ಡಾಕ್ಟರು ಮೋಸಹೋಗುತ್ತಾರೆ. ಬೇಕೆಂದೇ ತೀರಾ ಮಂದವಾದ ಬೆಳಕನ್ನೂ ಬಿಡುತ್ತದೆ ಮೆಷಿನ್ನು. ಅರ್ಧಕ್ಕರ್ಧ ಕಾಣದೇ ಹೋಗುವುದು ಸಹಜ. ಸುಸ್ತಾದರೆ ಬಟನ್ನನ್ನು ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಅಳುತ್ತಾ ಮುಗಿಸುತ್ತಾರೆ.

ಒಸಿಟಿ ಸ್ಕ್ಯಾನ್ ಮಾಡಿಸಿದರೆ ಮೊದಲ ರಿಪೋರ್ಟ್ ಜೋಪಾನ. ಅದು ನರದ ಎಳೆಗಳ ಪದರ ಎಷ್ಟು ದಪ್ಪ ಇದೆ ಅಂತ ಮೈಕ್ರಾನಿನಲ್ಲಿ ಅಳೆಯುತ್ತದೆ. ಶುರುವಿನಲ್ಲಿ ಊತದಿಂದ ಮಾಮೂಲಿಗಿಂತ ದಪ್ಪ ಬರಬಹುದು, ಚೆನ್ನಾಗಿದೆ ಅಂತ ಖುಷಿಪಡಬೇಡಿ. ಎಷ್ಟು ಎಳೆ ಉಳಿಯಿತು ಅನ್ನುವುದು ಮೂರರಿಂದ ಆರು ತಿಂಗಳ ನಂತರದ ರಿಪೋರ್ಟಿನಲ್ಲೇ ಗೊತ್ತಾಗುವುದು.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಟಿಬಿಗೆ ಎಥಾಂಬ್ಯುಟಾಲ್ ತೆಗೆದುಕೊಳ್ಳುವವರು ಎರಡೂ ಕಣ್ಣಲ್ಲಿ ಮಸುಕು, ಕೆಂಪು ಹಸಿರು ಗೊಂದಲ ಕಂಡರೆ ಅವತ್ತೇ ಔಷಧಿ ಬರೆದವರಿಗೆ ಹೇಳಬೇಕು. ಪ್ರಮಾಣ ಜಾಸ್ತಿಯಾದಷ್ಟೂ, ಕಿಡ್ನಿ ಸರಿಯಿಲ್ಲದಿದ್ದರೂ ಅಪಾಯ ಜಾಸ್ತಿ. ನೋವಿರುವುದಿಲ್ಲ. ಎರಡೂ ನರ ಸಮನಾಗಿ ಕೆಡುವುದರಿಂದ ಆ ಟಾರ್ಚಿನ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ, ಹೋಲಿಸಲು ಒಳ್ಳೆ ಕಣ್ಣೇ ಇಲ್ಲವಲ್ಲ! ಬಣ್ಣ ಗುರುತಿಸುವುದನ್ನು ಪರೀಕ್ಷಿಸುವ ಇಶಿಹಾರ ಪುಸ್ತಕದ ಚುಕ್ಕೆ ಅಂಕಿಗಳನ್ನು ಓದಿಸಿದರೆ ಎಷ್ಟೋ ಸಲ ಮೊದಲು ಗೊತ್ತಾಗುವುದು ಅಲ್ಲೇ. ಬೇಗ ನಿಲ್ಲಿಸಿದರೆ ಸಾಕಷ್ಟು ಮಂದಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಆದರೆ ಎಲ್ಲರಿಗೂ ಅಲ್ಲ. ನಾವಾಗಿಯೇ ಟಿಬಿ ಔಷಧಿಯನ್ನೆಲ್ಲ ನಿಲ್ಲಿಸುವುದೂ ತಪ್ಪು, ಡಾಕ್ಟರು ಅದೊಂದನ್ನು ಬದಲಾಯಿಸುತ್ತಾರೆ.

ಇಪ್ಪತ್ತರ ಆಸುಪಾಸಿನ ಹುಡುಗ, ನೋವಿಲ್ಲದೆ ಒಂದು ಕಣ್ಣಿನ ನಡುವೆ ಮಸುಕು, ವಾರ ತಿಂಗಳಲ್ಲಿ ಇನ್ನೊಂದು ಕಣ್ಣೂ ಹೋಯಿತು, ಸ್ಟೀರಾಯ್ಡ್‌ಗೆ ಏನೂ ಆಗಲಿಲ್ಲ ಅಂದರೆ ಲೇಬರ್ ಅನ್ನುವ ಆನುವಂಶಿಕ ಕಾಯಿಲೆಯ ನೆನಪಾಗಬೇಕು. ತಾಯಿಯ ಕಡೆಯಿಂದ ಬರುತ್ತದೆ. ಸೋದರಮಾವನಿಗೆ ಚಿಕ್ಕ ವಯಸ್ಸಲ್ಲೇ ಕಣ್ಣು ಹೋಗಿತ್ತಾ ಅಂತ ಕೇಳುವ ಒಂದು ಪ್ರಶ್ನೆ ಸಾಕು ದಾರಿ ತೋರಿಸಲು. ಬೀಡಿ ಸಿಗರೇಟು, ಮದ್ಯ ಎರಡನ್ನೂ ಅವರು ಮುಟ್ಟಲೇಬಾರದು.

ದೊಡ್ಡ ಮಗ ಉತ್ತರಿಸಿದ್ದಾರೆ:

ಇದೇ ಜಾಗದಲ್ಲಿ ಕೇಳಿಬಿಡುತ್ತೇನೆ. ನಮ್ಮ ತಂದೆಗೆ 63. ಹೋದ ತಿಂಗಳು ಬೆಳಗ್ಗೆ ಎದ್ದಾಗ ಎಡಗಣ್ಣಿನಲ್ಲಿ ಕೆಳಗಿನ ಅರ್ಧ ಕಾಣುತ್ತಿರಲಿಲ್ಲ. ನೋವಿಲ್ಲ. ನನ್ನ ಮುಖ ಕಾಣುತ್ತದಂತೆ, ಅಂಗಿಯ ಗುಂಡಿ ಕಾಣುವುದಿಲ್ಲವಂತೆ. ಉರಿಯೂತ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆಗಳು ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್. ನರಕ್ಕೆ ರಕ್ತ ಕಡಿಮೆಯಾಗಿದೆ, ಕಣ್ಣಿನ ಪಾರ್ಶ್ವವಾಯು ಅಂತ ತಿಳಿದುಕೊಳ್ಳಿ ಅಂದರು. ಅವರಿಗೂ ಡ್ರಿಪ್ ಹಾಕಿಸಬೇಕಿತ್ತಾ? ಈಗ ಒಬ್ಬರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ನರ ಮತ್ತೆ ಚಿಗುರುತ್ತದೆ ಅನ್ನುತ್ತಿದ್ದಾರೆ.

ಕೆಂಪು ಮುಚ್ಚಳ ಉತ್ತರಿಸಿದ್ದಾರೆ:

ಸರ್, ಅವರದ್ದು ಬೇರೆ ಕಾಯಿಲೆ. ನಮ್ಮದು ಉರಿಯೂತ, ಅವರದ್ದು ರಕ್ತದ ಕೊರತೆ, ಎನ್‌ಎಐಒಎನ್ ಅನ್ನುತ್ತಾರೆ. ವಯಸ್ಸು 50 ದಾಟಿದವರು, ಬೆಳಗ್ಗೆ ಏಳುವಾಗ ಗೊತ್ತಾಗುವುದು, ಮೇಲಿನ ಅಥವಾ ಕೆಳಗಿನ ಅರ್ಧ ಗೆರೆ ಎಳೆದ ಹಾಗೆ ಹೋಗುವುದು, ನೋವಿಲ್ಲದಿರುವುದು, ಎಲ್ಲಾ ಅದಕ್ಕೇ ಹೊಂದುತ್ತದೆ. ಹುಟ್ಟಿನಿಂದಲೇ ಡಿಸ್ಕ್ ಚಿಕ್ಕದಾಗಿ, ಎಳೆಗಳು ಇಕ್ಕಟ್ಟಾಗಿ ಇದ್ದವರಿಗೆ ಇದು ಬರುವುದು.

ಇಎಸ್‌ಆರ್, ಸಿಆರ್‌ಪಿ ಮಾಡಿಸಿದ್ದು ತುಂಬಾ ಒಳ್ಳೆಯದಾಯಿತು. ಆ ವಯಸ್ಸಿನಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಜೈಂಟ್ ಸೆಲ್ ಆರ್ಟರೈಟಿಸ್, ಅಂದರೆ ರಕ್ತನಾಳಗಳ ಉರಿಯೂತ. ಹೊಸ ತಲೆನೋವು, ತಲೆ ಬಾಚಿಕೊಂಡರೆ ಚರ್ಮ ನೋಯುವುದು, ಅಗಿಯುವಾಗ ದವಡೆ ಸೋತು ನೋಯುವುದು, ತೂಕ ಇಳಿಯುವುದು, ಇವುಗಳಲ್ಲಿ ಏನಾದರೂ ಇತ್ತಾ ಅಂತ ತಂದೆಯವರನ್ನು ನೀವೇ ಇನ್ನೊಮ್ಮೆ ಕೇಳಿ. ಹಿರಿಯರು ದವಡೆ ನೋವನ್ನು ಹಲ್ಲಿನ ಲೆಕ್ಕಕ್ಕೆ ಹಾಕಿ ಕಣ್ಣಿನ ಡಾಕ್ಟರಿಗೆ ಹೇಳುವುದೇ ಇಲ್ಲ. ಇದ್ದರೆ ಇವತ್ತೇ ಹೋಗಬೇಕು. ಅಲ್ಲಿ ಸ್ಟೀರಾಯ್ಡ್ ಅವತ್ತೇ ಶುರುಮಾಡುತ್ತಾರೆ, ಕಣತಲೆಯ ರಕ್ತನಾಳದ ಬಯಾಪ್ಸಿ ಆಮೇಲೆ. ತಡವಾದರೆ ದಿನಗಳಲ್ಲಿ ಇನ್ನೊಂದು ಕಣ್ಣೂ ಹೋಗಬಹುದು.

ಅದಲ್ಲ ಅಂದಮೇಲೆ ಡ್ರಿಪ್ಪಿನಿಂದ ಲಾಭ ಅಂತ ಸಾಬೀತಾಗಿಲ್ಲ, ಹಾಕಿಸಲಿಲ್ಲವಲ್ಲ ಅಂತ ಕೊರಗಬೇಡಿ. ನರದ ಕವಚ ಸೀಳುವ ಆಪರೇಷನ್ನನ್ನೂ ಒಂದು ಕಾಲದಲ್ಲಿ ಮಾಡುತ್ತಿದ್ದರು. 1995ರಲ್ಲಿ ದೊಡ್ಡ ಅಧ್ಯಯನವೊಂದು ಅದರಿಂದ ಉಪಯೋಗವಿಲ್ಲ, ಕೆಡುಕೂ ಆಗಬಹುದು ಅಂತ ತೋರಿಸಿತು. ಏನೂ ಮಾಡದೆ ಬಿಟ್ಟವರಲ್ಲೇ ನೂರಕ್ಕೆ ಸುಮಾರು 43 ಮಂದಿಗೆ ಆರು ತಿಂಗಳಲ್ಲಿ ಬೋರ್ಡಿನ ಮೂರು ಸಾಲು ಸುಧಾರಿಸಿತ್ತು. ನೀವು ಈಗ ಕಾಯಬೇಕಾದದ್ದು ಬಲಗಣ್ಣನ್ನು. ಐದು ವರ್ಷದಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಎರಡನೇ ಕಣ್ಣಿಗೂ ಬರುತ್ತದೆ. ಬಿಪಿ ಮಾತ್ರೆಯನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳುತ್ತಾರಾ? ನಿದ್ದೆಯಲ್ಲಿ ಬಿಪಿ ಮೊದಲೇ ಇಳಿದಿರುತ್ತದೆ, ಮಾತ್ರೆ ಇನ್ನೂ ಇಳಿಸುತ್ತದೆ. ಹೊತ್ತು ಬದಲಾಯಿಸಬಹುದಾ ಅಂತ ಬರೆದವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲಿಸುತ್ತಾರಾ ಅಂತ ತಾಯಿಯನ್ನು ಕೇಳಿ. ಸ್ಲೀಪ್ ಅಪ್ನಿಯಾ ಇದ್ದರೆ ಅದಕ್ಕೂ ಈ ಕಾಯಿಲೆಗೂ ನಂಟಿದೆ.

ಸ್ಟೆಮ್ ಸೆಲ್ ಮಾರುವವರ ಬಗ್ಗೆ ನನಗೆ ಸಿಟ್ಟಿದೆ. ಒಣಗಿದ ಕಣ್ಣಿನ ನರ ಮತ್ತೆ ಬೆಳೆಯುವುದಿಲ್ಲ. ಅದನ್ನು ಬೆಳೆಸುವ ಯಾವ ಇಂಜೆಕ್ಷನ್ನೂ ಇದುವರೆಗೆ ಸಾಬೀತಾಗಿಲ್ಲ. ಅದರ ಬದಲು ಲೋ ವಿಷನ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಕೆಳಗಿನ ಅರ್ಧ ಕಾಣದವರು ಮೆಟ್ಟಿಲು ಇಳಿಯುವಾಗ ಬೀಳುತ್ತಾರೆ. ತಲೆ ತಗ್ಗಿಸಿ ನೋಡುವ ಅಭ್ಯಾಸ ಹೇಳಿಕೊಡುತ್ತಾರೆ, ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಣ್ಣದ ಟೇಪು ಅಂಟಿಸಿದರೂ ಎಷ್ಟೋ ಅನುಕೂಲ.

ನಿಧಾನಸ್ಥ ಉತ್ತರಿಸಿದ್ದಾರೆ:

ಒಂದು ತಿಂಗಳು ಕಾಯಿರಿ ಅಂದಿದ್ದು ತಪ್ಪಾಯಿತು ಮೇಡಂ. ಒಂದೊಂದೇ ಕಣ್ಣು ಮುಚ್ಚಿ ನಾನೂ ನೋಡಿಕೊಂಡೆ, ಎರಡೂ ಒಂದೇ ಥರ ಇದೆ. ಆದರೂ ಅಪ್ಪನಿಗೆ ಗ್ಲಾಕೋಮಾ ಇತ್ತು, ನಾನು ಯಾವತ್ತೂ ತೋರಿಸಿಲ್ಲ.

ಬಟನ್ ಒತ್ತಿ ಉತ್ತರಿಸಿದ್ದಾರೆ:

ತೋರಿಸಿ ಸರ್. ಕಣ್ಣಿನ ನರ ಕೆಡಿಸುವುದರಲ್ಲಿ ಎಲ್ಲಕ್ಕಿಂತ ಸಾಮಾನ್ಯ ಅದೇ. ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುತ್ತದೆ, ಹಾಗಾಗಿ ಮನೆಯಲ್ಲಿ ಕಣ್ಣು ಮುಚ್ಚಿ ನೋಡಿದರೆ ಗೊತ್ತಾಗುವುದಿಲ್ಲ. ಕಣ್ಣಿನೊಳಗಿನ ಪ್ರೆಷರ್ ನಾರ್ಮಲ್ ಬಂದರೂ ಡಿಸ್ಕ್ ನೋಡಿಸಿಕೊಳ್ಳಿ, ಪ್ರೆಷರ್ ಏರದೆಯೂ ಗ್ಲಾಕೋಮಾ ಬರುತ್ತದೆ.

ಮುಳ್ಳಿಲ್ಲದ ಗಡಿಯಾರ ಉತ್ತರಿಸಿದ್ದಾರೆ:

ಹತ್ತೊಂಬತ್ತು ದಿನದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ ಮರುದಿನವೇ ಸೇರಿಕೊಂಡೆ. ರಕ್ತ ಮೊದಲು ಕೊಟ್ಟೆ. ಬೀಗದ ಕೈ ರುಚಿ ನಿಜ! ಗೊತ್ತಿದ್ದರಿಂದ ಹೆದರಲಿಲ್ಲ. ಎರಡನೇ ರಾತ್ರಿ ನಾನು ಮೊಬೈಲಿನ 2300 ಫೋಟೋ ಅಳಿಸಿದೆ.

ನೋವು ಎರಡನೇ ದಿನಕ್ಕೇ ಹೋಯಿತು. ದೃಷ್ಟಿ ಹತ್ತು ದಿನ ಅಲ್ಲೇ ನಿಂತಿತ್ತು, ಆಗ ಬಹಳ ಅತ್ತೆ. ಆಮೇಲೆ ಹೊಗೆ ತೆಳುವಾಗುತ್ತಾ ಬಂತು. ನಿನ್ನೆ 6/18. ಅಕ್ವಾಪೊರಿನ್, ಮಾಗ್ ಎರಡೂ ನೆಗೆಟಿವ್. ಎಂಆರ್‌ಐಯಲ್ಲಿ ಬಲಗಣ್ಣಿನ ನರ ಹೊಳೆಯುತ್ತಿದೆ, ಜೊತೆಗೆ ಮೆದುಳಿನಲ್ಲಿ ಎರಡು ಬಿಳಿ ಚುಕ್ಕೆ. 72ರ ಗುಂಪಿಗೆ ಬಿದ್ದೆ ಅಂತ ಗೊತ್ತಾಯಿತು. ಬುಧವಾರ ನರರೋಗ ತಜ್ಞರನ್ನು ನೋಡಬೇಕು. ಬೆನ್ನಿನಿಂದ ನೀರು ತೆಗೆಯಬಹುದು ಅಂದಿದ್ದಾರೆ. ಅದೇನು ಬೇಕೇಬೇಕಾ ಸರ್?

ಗಡಿಯಾರದ ಮುಳ್ಳುಗಳು ಬಂದಿವೆ. ಸೆಕೆಂಡಿನ ಮುಳ್ಳು ಕೆಂಪು, ಬಲಗಣ್ಣಿಗೆ ಇನ್ನೂ ಇಟ್ಟಿಗೆ ಬಣ್ಣ.

ಕೆಂಪು ಮುಚ್ಚಳ ಉತ್ತರಿಸಿದ್ದಾರೆ:

ಇಟ್ಟಿಗೆ ಬಣ್ಣ ಬಂತಲ್ಲ, ನನ್ನದು ಆ ಹೊತ್ತಿಗೆ ಇನ್ನೂ ಕಂದೇ ಇತ್ತು.

ಬೆನ್ನಿನ ನೀರಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್, ಅಂದರೆ ನರವ್ಯೂಹದೊಳಗೇ ತಯಾರಾದ ಪ್ರತಿಕಾಯಗಳ ಗುರುತು, ಇದೆಯಾ ಅಂತ ನೋಡುತ್ತಾರೆ. ಇದ್ದರೆ ಎರಡನೇ ಹೊಡೆತಕ್ಕೆ ಕಾಯದೆ ಈಗಲೇ ಎಂಎಸ್ ಅಂತ ತೀರ್ಮಾನಿಸಿ ಔಷಧಿ ಶುರುಮಾಡಲು ಆಧಾರ ಸಿಗಬಹುದು. ರೋಗ ಗುರುತಿಸುವ ಮ್ಯಾಕ್‌ಡೊನಾಲ್ಡ್ ಮಾನದಂಡವನ್ನು 2024ರಲ್ಲಿ ಪರಿಷ್ಕರಿಸಿದಾಗ ಕಣ್ಣಿನ ನರವನ್ನೂ ಒಂದು ಜಾಗವಾಗಿ ಲೆಕ್ಕಕ್ಕೆ ಸೇರಿಸಿದ್ದಾರೆ. ಹಾಗಾಗಿ ನಿಮ್ಮ ನರ ಮತ್ತು ಆ ಎರಡು ಚುಕ್ಕೆ ಎಲ್ಲೆಲ್ಲಿವೆ ಅನ್ನುವುದರ ಮೇಲೆ ಬೇಕಾ ಬೇಡವಾ ಅಂತ ಅವರು ಹೇಳುತ್ತಾರೆ. ಬೆನ್ನುಹುರಿಯ ಸ್ಕ್ಯಾನ್ ಆಗಿಲ್ಲದಿದ್ದರೆ ಅದನ್ನೂ ಕೇಳಿ. ನನಗೆ ನೀರು ತೆಗೆದದ್ದು ಹತ್ತು ನಿಮಿಷದ ಕೆಲಸ, ಆಮೇಲೆ ಎರಡು ದಿನ ಎದ್ದು ಕೂತರೆ ತಲೆನೋವು, ಮಲಗಿದರೆ ಇಲ್ಲ. ಅದಕ್ಕೆ ರಜೆ ಇಟ್ಟುಕೊಳ್ಳಿ.

ಬುಧವಾರ ಎಂಆರ್‌ಐ ರಿಪೋರ್ಟಿನ ಹಾಳೆ ಮಾತ್ರ ಒಯ್ಯಬೇಡಿ, ಸಿಡಿಯನ್ನೂ ಒಯ್ಯಿರಿ. ಅವರು ಚುಕ್ಕೆಗಳನ್ನು ತಾವೇ ನೋಡಬೇಕು ಅನ್ನುತ್ತಾರೆ. ನಾನು ಸಿಡಿ ಮರೆತು ಇನ್ನೂ ಮೂರು ವಾರ ಕಾದಿದ್ದೆ.